ತುಕ್ಕು, ಜಂಗು, ಕಿಲುಬು: ಅಲ್ಯುಮಿನಿಯಂ ಮೇಲಿನ ಬಿಳಿ ಹುಡಿಗೆ ಏನನ್ನಬೇಕು?

ಎಲ್ಲರಿಗೂ ಶರಣು ಶರಣಾರ್ಥಿ.

ಕಬ್ಬಿಣಕ್ಕೆ ಹಿಡಿಯುವುದು ತುಕ್ಕು. ತಾಮ್ರ, ಹಿತ್ತಾಳೆಗೆ ಏರುವುದು ಕಿಲುಬು. ಅಲ್ಯುಮಿನಿಯಂ ಮತ್ತು ಸತುವಿನ ಮೇಲೆ ಬೆಳ್ಳಗೆ, ಮುಟ್ಟಿದರೆ ಬೆರಳಿಗೆ ಹತ್ತುವ ಹಾಗೆ ಹುಡಿ ಎದ್ದು ಬರುತ್ತದಲ್ಲ, ಅದಕ್ಕೆ ನಿಮ್ಮ ಕಡೆ ಏನನ್ನುತ್ತಾರೆ? ನಿಘಂಟು ನೋಡಿ ಕಟ್ಟಿದ ಪದ ಬೇಡ. ಲೋಹವನ್ನು ಕೈಯಲ್ಲಿ ಹಿಡಿದು ದುಡಿಯುವವರ ಬಾಯಲ್ಲಿರುವ ಮಾತು ಬೇಕಾಗಿದೆ.

ಯಾಕೆ ಬೇಕು ಅಂತ ಹೇಳಿಬಿಡುತ್ತೇನೆ. ಕಲಬುರಗಿಯ ನಮ್ಮ ಮನೆಯಲ್ಲಿ ಸೋದರಮಾವನವರ ಯೆಜ್ಡಿ ರೋಡ್‌ಕಿಂಗ್ ಬೈಕು ಬಹಳ ವರ್ಷ ಮೂಲೆಗೆ ನಿಂತಿತ್ತು. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ತಯಾರಾದ ಗಾಡಿ. 1961ರಲ್ಲಿ ಜಾವಾ ಹೆಸರಿನಲ್ಲಿ ಶುರುವಾಗಿ, 1973ರಿಂದ ಯೆಜ್ಡಿ ಅನ್ನಿಸಿಕೊಂಡು, 1996ರಲ್ಲಿ ಆ ಕಾರ್ಖಾನೆ ಮುಚ್ಚಿತು. ಈಗ ಗಾಡಿಯನ್ನು ಪೂರ್ತಿ ಬಿಚ್ಚಿ ಒಂದೊಂದೇ ಭಾಗವನ್ನು ಸರಿ ಮಾಡುತ್ತಿದ್ದೇನೆ. ಜೊತೆಗೆ ಅಕ್ಕನ ಮಗ ಮತ್ತು ಅವನ ಗೆಳೆಯರ ಸಲುವಾಗಿ ಪ್ರತಿ ಹಂತವನ್ನೂ ಕನ್ನಡದಲ್ಲಿ ಬರೆದಿಡುತ್ತಿದ್ದೇನೆ. ಆ ಬರವಣಿಗೆಗೆ 'ದುರಸ್ತಿ' ಅಂತಲೇ ಹೆಸರಿಟ್ಟಿದ್ದೇನೆ. ನಮ್ಮ ಭಾಗದ ಶಾಸನಗಳಲ್ಲಿ ಗುಡಿಗಳಿಗೆ ಹೇಳುವ 'ಖಂಡಸ್ಫುಟಿತ ಜೀರ್ಣೋದ್ಧಾರ' ಇದಕ್ಕೆ ಇನ್ನೂ ಚೆನ್ನಾಗಿ ಒಪ್ಪುತ್ತದೆ ಅನ್ನಿಸುತ್ತದೆ. ಮುರಿದದ್ದು, ಸೀಳಿದ್ದು, ಸವೆದದ್ದು ಮೂರೂ ಅದರಲ್ಲಿ ಬಂದುಬಿಡುತ್ತವೆ. ಆ ಚರ್ಚೆ ಬೇರೆ ದಿನಕ್ಕಿರಲಿ.

ಬರೆಯುತ್ತಾ ಹೋದಂತೆ ಗೊತ್ತಾದದ್ದು ಇಷ್ಟು: ಇವತ್ತಿನ ಕನ್ನಡದಲ್ಲಿ 'ತುಕ್ಕು' ಅನ್ನುವ ಒಂದೇ ಪದವನ್ನು ಎಲ್ಲ ಲೋಹಕ್ಕೂ ಹಚ್ಚುತ್ತಿದ್ದೇವೆ, ಅದರಿಂದ ಕೆಲಸವೇ ಕೆಡುತ್ತದೆ. ನಮ್ಮ ಓಣಿಯ ಹುಡುಗನೊಬ್ಬ ಗಾಡಿಯ ಸ್ಟ್ಯಾಂಡು, ಚೈನ್ ಕವರು ಎಲ್ಲ ಕಾಕಂಬಿ (ಸಕ್ಕರೆ ತೆಗೆದ ಮೇಲೆ ಉಳಿಯುವ ಕಬ್ಬಿನ ಕಪ್ಪು ಪಾಕ) ನೀರಿನಲ್ಲಿ ನೆನೆ ಹಾಕಿದ. ಅದು ಒಳ್ಳೆಯ ಉಪಾಯವೇ. ಒಂದು ಪಾಲು ಕಾಕಂಬಿಗೆ ಒಂಬತ್ತು ಹತ್ತು ಪಾಲು ನೀರು ಬೆರೆಸಿ ವಾರ, ಹದಿನೈದು ದಿನ ಬಿಟ್ಟರೆ ತುಕ್ಕೆಲ್ಲ ಬಿಟ್ಟುಕೊಂಡು ಒಳಗಿನ ಕಬ್ಬಿಣ ಬೂದು ಬಣ್ಣಕ್ಕೆ ಬರುತ್ತದೆ. ಗಟ್ಟಿ ಕಬ್ಬಿಣಕ್ಕೆ ಅದು ಅಷ್ಟಾಗಿ ಕೈ ಹಚ್ಚುವುದಿಲ್ಲ. ಆದರೆ ಆ ಹುಡುಗ ಅದೇ ಬಕೇಟಿಗೆ ಪೆಟ್ರೋಲಿಗೆ ಗಾಳಿ ಬೆರೆಸುವ ಕಾರ್ಬುರೇಟರಿನ ಸತು-ಅಲ್ಯುಮಿನಿಯಂ ಎರಕದ ಮೈಯನ್ನೂ ಹಾಕಿಬಿಟ್ಟಿದ್ದ. "ಇದಕ್ಕೂ ತುಕ್ಕು ಹಿಡದದ ಅಂದ್ರು, ಅದಕ್ಕ ಹಾಕಿನ್ರಿ" ಅಂದ. ತೆಗೆದು ನೋಡಿದರೆ ಮೈ ತುಂಬ ಸಣ್ಣ ಸಣ್ಣ ಗುಳಿ ಬಿದ್ದಿದ್ದವು. ಫ್ಲೋಟ್ ಕೂಡುವ ಬಟ್ಟಲಿನ ಅಂಚು ಗಾಸ್ಕೆಟ್ ಕೂಡಲಾರದಷ್ಟು ಸವೆದಿತ್ತು. ಕಾಕಂಬಿ ಕಬ್ಬಿಣಕ್ಕೆ ಮದ್ದು, ಅಲ್ಯುಮಿನಿಯಂ ಮತ್ತು ಸತುವಿಗೆ ಅದೇ ವಿಷ. ಅವನಿಗೆ ಹೇಳಿದವರ ಬಾಯಲ್ಲಿ ಬೇರೆ ಪದ ಬಂದಿದ್ದರೆ ಅವನ ಕೈ ಅಲ್ಲೇ ತಡೆಯುತ್ತಿತ್ತು ಅಂತ ನನಗೆ ಖಾತ್ರಿ ಅನ್ನಿಸುತ್ತದೆ.

ಮೊದಲು ನಮ್ಮಲ್ಲಿ ಇರುವ ಪದಗಳನ್ನು ನೋಡೋಣ.

ಕಲಬುರಗಿಯ ಗ್ಯಾರೇಜುಗಳಲ್ಲಿ ತುಕ್ಕಿಗಿಂತ ಹೆಚ್ಚು ಕೇಳುವುದು 'ಜಂಗ್'. ಫಾರಸಿಯ 'ಝಂಗ್' ಉರ್ದುವಿನ ಮೂಲಕ ಬಂದದ್ದು. ನಾನು ಗಮನಿಸಿದ ಮಟ್ಟಿಗೆ ಕ್ರಿಯಾಪದವೂ ಅದರ ಜೊತೆ ಬದಲಾಗುತ್ತದೆ. ತುಕ್ಕು 'ಹಿಡಿಯುತ್ತದೆ', ಜಂಗ್ 'ಹತ್ತುತ್ತದೆ'. "ಟಾಕಿಗಿ ಒಳಗ ಜಂಗ್ ಹತ್ಯದ" ಅನ್ನುತ್ತಾರೆ. ಉರ್ದುವಿನ 'ಜಂಗ್ ಲಗ್ ಗಯಾ' ಅನ್ನುವುದರ ಲಗ್‌ಗೆ ನಮ್ಮ ಹತ್ತು ನೇರ ಜೋಡಿಯಾಗಿ ನಿಂತಿದೆ. ತೀರಾ ಕೆಟ್ಟುಹೋಗಿದ್ದರೆ "ಜಂಗ್ ತಿಂದದ" ಅನ್ನುತ್ತಾರೆ. ನಮ್ಮ ಗಾಡಿಯ ಹಿಂದಿನ ಮಡ್‌ಗಾರ್ಡಿನ ಒಳಬದಿಗೆ ಈ ಮಾತೇ ಸರಿ. ಎರೆ ಮಣ್ಣಿನ ರಾಡಿ ಅಲ್ಲಿ ಅಂಟಿ, ಒಣಗಿ, ಮುಂದಿನ ಮಳೆಗೆ ಮತ್ತೆ ಒದ್ದೆಯಾಗಿ, ತಗಡು ಹಪ್ಪಳದಂತೆ ಪದರು ಪದರಾಗಿತ್ತು. ಸ್ಕ್ರೂಡ್ರೈವರ್ ತುದಿ ಊರಿದರೆ ಆಚೆಗೆ ಬಂತು.

ಸೇಡಂ, ಗುರುಮಠಕಲ್ ಕಡೆಯವರ ಜೊತೆ ಮಾತಾಡುವಾಗ ಇನ್ನೊಂದು ತೊಡಕು ಬರುತ್ತದೆ. ತೆಲುಗಿನಲ್ಲಿ ಕಬ್ಬಿಣದ ತುಕ್ಕಿಗೆ 'ತುಪ್ಪು' ಅನ್ನುತ್ತಾರೆ. 'ತುಕ್ಕು' ಅಂದರೆ ಅಲ್ಲಿ ಗುಜರಿ ಸಾಮಾನು. ಮನೆಯಲ್ಲಿ ತೆಲುಗು ಆಡುವವರಿಗೆ "ಗಾಡಿ ತುಕ್ಕಾಗ್ಯದ" ಅಂದರೆ ಗುಜರಿಗೆ ಹಾಕುವಂತಾಗಿದೆ ಅಂತ ತಿಳಿಯಬಹುದು. ಈ ಸೀಮೆಯಲ್ಲಿ ಬರೆಯುವವರು ಇದನ್ನು ನೆನಪಿಡಬೇಕು.

ಇನ್ನು ಕಿಲುಬು. ಇದು ಅಚ್ಚ ದ್ರಾವಿಡ ಪದ. ತಮಿಳಿನ ಕಳಿಂಬು, ಮಲಯಾಳದ ಕ್ಲಾವು, ತೆಲುಗಿನ ಚಿಲುಮು ಇದರ ಬಳಗ. ಹೆಚ್ಚಾಗಿ ಅದು ತಾಮ್ರ, ಹಿತ್ತಾಳೆ, ಕಂಚಿನ ಮೇಲಿನ ಹಸಿರನ್ನೇ ಹೇಳುತ್ತದೆ. ಕನ್ನಡದಲ್ಲಿ ಇದರ ಹರವು ಇನ್ನೂ ಚೆಂದ. ನಾಮಪದವೂ ಹೌದು, ಕ್ರಿಯಾಪದವೂ ಹೌದು. ಚೊಂಬು ಕಿಲುಬುತ್ತದೆ. ಕಲಾಯಿ ಹೋದ ಹಿತ್ತಾಳೆ ಪಾತ್ರೆಯಲ್ಲಿಟ್ಟ ಹುಣಸೆಹುಳಿಯ ಸಾರೂ ಕಿಲುಬುತ್ತದೆ. ಅಂದರೆ ಪದ ಲೋಹದಿಂದ ಅನ್ನಕ್ಕೆ, ಕಣ್ಣಿಗೆ ಕಾಣುವ ಬಣ್ಣದಿಂದ ನಾಲಗೆಗೆ ಹತ್ತುವ ಒಗರಿಗೆ ದಾಟಿದೆ. ಪಾತ್ರೆಯ ಒಳಗೆ ತವರ ಬಳಿಯುವ ಕಲಾಯಿ ಕೆಲಸ ಇದೇ ಕಿಲುಬಿಗೆ ಹುಟ್ಟಿಕೊಂಡ ಕಸುಬು.

ಕಾರ್ಬುರೇಟರಿನಲ್ಲಿ ಕಿಲುಬು ಅಂದರೆ ಏನು ಅಂತ ಕಣ್ಣಾರೆ ನೋಡಬಹುದು. ಪೆಟ್ರೋಲ್ ಹಾಯುವ ಸಣ್ಣ ತೂತಿನ ಜೆಟ್ ಹಿತ್ತಾಳೆಯದು. ವರ್ಷಗಟ್ಟಲೆ ನಿಂತ ಪೆಟ್ರೋಲ್ ಹುಳಿತು ಆರಿದ ಮೇಲೆ ಜೆಟ್ಟಿನ ಕೊರಳಿಗೆ ಹಸಿರು ಗಡ್ಡೆ ಕಟ್ಟುತ್ತದೆ. ಬೆಳಕಿಗೆ ಹಿಡಿದರೆ ತೂತು ಕಾಣುವುದೇ ಇಲ್ಲ. ಅದೇ ಬಟ್ಟಲಿನ ತಳದಲ್ಲಿ, ಅದೇ ಪೆಟ್ರೋಲ್ ನಿಂತ ಜಾಗದಲ್ಲಿ, ಬಿಳಿ ಹುಡಿ. ಸೂಜಿಯ ಸ್ಪ್ರಿಂಗಿನ ಮೇಲೆ ಕೆಂಪು. ಅಂಗೈಯಷ್ಟು ಸಾಮಾನಿನಲ್ಲಿ ಮೂರು ಲೋಹ, ಮೂರು ಬಣ್ಣ. ಮೂರಕ್ಕೂ ಮಾಡುವ ಉಪಚಾರ ಬೇರೆ ಬೇರೆ. ಕೆಂಪಿಗೆ ಕಾಕಂಬಿ ನಡೆಯುತ್ತದೆ. ಹಸಿರಿಗೆ ಹುಣಸೆಹುಳಿ ಸಾಕು, ನಮ್ಮ ಮನೆಯ ಹೆಣ್ಣುಮಕ್ಕಳಿಗೆ ಹೇಳಿಕೊಡಬೇಕಾಗಿಲ್ಲ. ಬಿಳಿಯದಕ್ಕೆ ಹುಳಿಯೂ ಸಲ್ಲದು, ಸೋಡಾದಂಥ ಕ್ಷಾರವೂ ಸಲ್ಲದು. ಎರಡೂ ಅಲ್ಯುಮಿನಿಯಮ್ಮನ್ನು ಕರಗಿಸುತ್ತವೆ. ಸೀಮೆಎಣ್ಣೆ ಹಚ್ಚಿ ಮೆತ್ತನೆಯ ಹಿತ್ತಾಳೆ ಬ್ರಷ್ಷಿನಿಂದ ಉಜ್ಜಿ, ಒರೆಸಿ, ಎಣ್ಣೆ ಸವರಿ ಇಡಬೇಕು. ಹೊಳೆಯುವ ಅಲ್ಯುಮಿನಿಯಮ್ಮಿನ ಮೇಲೂ ಕಣ್ಣಿಗೆ ಕಾಣದ ತೆಳು ಪದರ ಇದ್ದೇ ಇರುತ್ತದೆ, ಅದು ಲೋಹವನ್ನು ಕಾಯುವ ಪದರ. ತೇವ, ಉಪ್ಪು, ಆಮ್ಲ ಸೇರಿ ಆ ಪದರವನ್ನು ಒಡೆದಾಗಲೇ ಹುಡಿ ಏಳುವುದು.

ಈ ಬಿಳಿ ಹುಡಿ ಮುಂದೆ ಹೆಚ್ಚಾಗುವ ಲಕ್ಷಣವೇ ಇದೆ. 2023ರಿಂದ ನಮ್ಮ ಬಂಕುಗಳಿಗೆ ಶೇಕಡಾ 20ರಷ್ಟು ಎಥನಾಲ್ ಬೆರೆಸಿದ ಪೆಟ್ರೋಲ್ ಬರುತ್ತಿದೆ. ಎಥನಾಲ್ ನೀರನ್ನು ಎಳೆದುಕೊಳ್ಳುತ್ತದೆ. ಗಾಡಿ ತಿಂಗಳುಗಟ್ಟಲೆ ನಿಂತರೆ ಆ ನೀರು ಬಟ್ಟಲಿನ ತಳ ಸೇರುತ್ತದೆ, ಹಳೆ ಗಾಡಿಗಳ ಸತು-ಅಲ್ಯುಮಿನಿಯಂ ಎರಕಕ್ಕೆ ಅದು ಆಗಿಬರುವುದಿಲ್ಲ. ಆ ಎಥನಾಲಿನ ಒಂದು ಪಾಲು ತೆಗೆಯುವುದು ಕಬ್ಬಿನಿಂದ, ಅದೇ ಕಾಕಂಬಿಯಿಂದ. ಕಬ್ಬು ಬೆಳೆಯುವ ಆಳಂದ, ಭಾಲ್ಕಿಯ ರೈತರ ಮಕ್ಕಳಿಗೆ ಇದನ್ನು ವಿವರಿಸುವುದು ನನಗೆ ಸುಲಭವಾಗಿದೆ. ಪದವೊಂದೇ ಸಿಕ್ಕಿಲ್ಲ.

ನಮ್ಮ ಪರಿಚಯದ ಹಿರಿಯ ಮಿಸ್ತ್ರಿಯೊಬ್ಬರನ್ನು ಕೇಳಿದೆ. ಇಂಜಿನ್ ಕವರಿನ ಮೇಲೆ ಹೆಬ್ಬೆರಳು ಎಳೆದು ನೋಡಿ, "ಇದು ಜಂಗ್ ಅಲ್ಲ ಸರ, ಪೌಡರ್ ಆಗ್ಯದ" ಅಂದರು. "ಕಿಲುಬು ಅನ್ನಬಹುದೇನ್ರಿ ಉಸ್ತಾದ್?" ಅಂದೆ. "ಕಿಲುಬು ಹಸರ ಇರ್ತದ್ರಿ" ಅಂತ ಒಪ್ಪಲಿಲ್ಲ. ಎರಡೂ ಅಲ್ಲ ಅನ್ನುವುದು ಅವರಿಗೆ ಖಚಿತ. ಹೆಸರು ಮಾತ್ರ ಇಂಗ್ಲಿಷಿನದು.

ಹೆಸರಿಲ್ಲದ್ದಕ್ಕೆ ಕಾರಣ ಇಲ್ಲದಿಲ್ಲ. ಅಲ್ಯುಮಿನಿಯಂ ನಮಗೆ ಹೊಸ ಲೋಹ. ವಿದ್ಯುತ್ ಹಾಯಿಸಿ ಅದನ್ನು ಅಗ್ಗವಾಗಿ ತೆಗೆಯುವ ವಿಧಾನ ಸಿಕ್ಕಿದ್ದೇ 1886ರಲ್ಲಿ. ನಮ್ಮ ಅಡಿಗೆಮನೆಗೆ ಬಂದಾಗ ಆ ಲೋಹಕ್ಕೇ ನೆಟ್ಟಗೆ ಹೆಸರಿರಲಿಲ್ಲ. ಕೆಲವರು ಸಿಲ್ವರ್ ಪಾತ್ರೆ ಅಂದರು, ಕೆಲವರು ಜರ್ಮನ್ ಪಾತ್ರೆ ಅಂದರು. ಲೋಹದ ಹೆಸರೇ ಎರವಲಾದ ಮೇಲೆ ಅದರ ರೋಗಕ್ಕೆ ಹಳೆಯ ಪದ ಎಲ್ಲಿಂದ ಬರಬೇಕು? ಆದರೆ ಸತು ಹಾಗಲ್ಲ. ಸತು ನಮ್ಮಲ್ಲಿ ಹಳೆಯದು, ಅದರಲ್ಲೂ ಬೀದರಿನಲ್ಲಿ. ಬಿದರಿ ಸಾಮಾನಿನ ಎರಕ ಮುಖ್ಯವಾಗಿ ಸತುವೇ, ಹೆಚ್ಚುಕಡಿಮೆ ಹದಿನಾರು ಪಾಲು ಸತುವಿಗೆ ಒಂದು ಪಾಲು ತಾಮ್ರ. ಬೆಳ್ಳಿ ಕೂರಿಸಿ ಆದ ಮೇಲೆ ಬೀದರ ಕೋಟೆಯ ಮಣ್ಣಿಗೆ ನವಸಾಗರ ಅನ್ನುವ ಉಪ್ಪು ಬೆರೆಸಿ ಹಚ್ಚುತ್ತಾರೆ. ಎರಕದ ಮೈ ಕಾಡಿಗೆಯ ಕಪ್ಪಾಗುತ್ತದೆ, ಬೆಳ್ಳಿ ಮಾತ್ರ ಬೆಳ್ಳಗೇ ಉಳಿಯುತ್ತದೆ. ಲೋಹದ ಮೈ ಬಣ್ಣ ತಿರುಗುವುದನ್ನೇ ಕಲೆಯಾಗಿ ಮಾಡಿಕೊಂಡ ಜನ ಅವರು. ಕಪ್ಪು ಹಚ್ಚುವ ಮುಂಚಿನ ಹಸಿ ಎರಕ ಮಳೆಗಾಲದಲ್ಲಿ ತೇವ ತಾಗಿ ಬೆಳ್ಳಗೆ ಹುಡಿ ಎದ್ದರೆ ಅವರು ಏನೋ ಒಂದು ಹೆಸರು ಹೇಳುತ್ತಲೇ ಇರಬೇಕು. ಕನ್ನಡದ್ದಿರಲಿ, ದಖ್ಖನಿ ಉರ್ದುವಿನದ್ದಿರಲಿ, ಅದು ನಮ್ಮ ನೆಲದ್ದು. ಹುಡುಕಬೇಕಾದ ಜಾಗ ಅದೇ ಅಂತ ನನ್ನ ನಂಬಿಕೆ.

'ಬಿಳಿ ತುಕ್ಕು' ಅಂತ ಈಗಾಗಲೇ ಕೆಲವರು ಬರೆಯುತ್ತಿದ್ದಾರೆ. ಇಂಗ್ಲಿಷಿನಲ್ಲಿ ಸತು ಬಳಿದ ತಗಡಿನ ಈ ರೋಗಕ್ಕೆ ಹಾಗೇ ಹೆಸರಿದೆ, ಅದನ್ನು ಹಾಗೇ ಎತ್ತಿ ತಂದದ್ದು. ನಾನು ಒಪ್ಪಲಾರೆ. ತುಕ್ಕು ಅಂದ ಕೂಡಲೇ ಕೇಳಿದವರು ತುಕ್ಕಿನ ಮದ್ದಿಗೆ ಕೈ ಹಾಕುತ್ತಾರೆ, ಮುಂದಿನ 'ಬಿಳಿ' ಅವರನ್ನು ತಡೆಯುವುದಿಲ್ಲ. ಬೂದಿ ಅನ್ನಬಹುದು, ಆದರೆ ಅದು ಸುಟ್ಟದ್ದರ ಮಾತು. ಬೂಸು ಅಂದರೆ ಜೀವ ಇರುವಂಥದ್ದು ಬೆಳೆದ ಹಾಗೆ. ಚಿಬ್ಬು ನೋಡಲು ಹತ್ತಿರ, ಮೈಮೇಲಿನ ಬಿಳಿ ಮಚ್ಚೆ, ಆದರೆ ಅದರಲ್ಲಿ ಸವೆತದ ಅರ್ಥ ಇಲ್ಲ.

ನನ್ನ ಮನಸ್ಸು ಹೋಗುತ್ತಿರುವುದು 'ಸವಳು' ಕಡೆಗೆ. ಯಾದಗಿರಿ ಜಿಲ್ಲೆಯ ಶಹಾಪುರ, ಸುರಪುರದ ಕಾಲುವೆ ಬಯಲಿನಲ್ಲಿ ಸವಳು-ಜವಳು ಅಂದರೆ ಯಾರಿಗೂ ಬಿಡಿಸಿ ಹೇಳಬೇಕಿಲ್ಲ. ನೀರು ಹೆಚ್ಚಾಗಿ ನಿಂತ ಹೊಲದಲ್ಲಿ ಬಿಸಿಲಿಗೆ ತೇವ ಆರಿದ ಹಾಗೆ ಮೇಲೆ ಬೆಳ್ಳಗೆ ಉಪ್ಪು ಏಳುತ್ತದೆ, ಅಡಿಯ ಮಣ್ಣು ಕೆಟ್ಟಿರುತ್ತದೆ. ಬಣ್ಣ, ಹುಡಿತನ, ತೇವದಿಂದ ಬಂದದ್ದು, ಒಳಗಿನದು ಹಾಳಾಗಿರುವುದರ ಗುರುತು, ಇಷ್ಟೂ ಆ ಒಂದು ಪದದಲ್ಲಿವೆ. "ಕವರಿಗಿ ಸವಳು ಎದ್ದದ" ಅಂದರೆ ನಮ್ಮ ಹುಡುಗರಿಗೆ ಥಟ್ಟನೆ ಅರ್ಥವಾಗುತ್ತದೆ, ಹುಳಿ ಹಾಕಿ ತೊಳೆಯಬೇಕು ಅಂತ ತಲೆಗೆ ಬರುವುದೇ ಇಲ್ಲ. ಒಂದು ಆಕ್ಷೇಪಣೆ ನಾನೇ ಹೇಳುತ್ತೇನೆ: ಹೊಲದ ಸವಳು ಮಣ್ಣಿನೊಳಗೆ ಮೊದಲೇ ಇದ್ದ ಉಪ್ಪು ಮೇಲೆ ಬಂದದ್ದು, ಮಣ್ಣೇ ಉಪ್ಪಾದದ್ದಲ್ಲ. ಇಲ್ಲಿ ಲೋಹವೇ ಹುಡಿಯಾಗುತ್ತದೆ. ರಸಾಯನಶಾಸ್ತ್ರ ಬಲ್ಲವರಿಗೆ ಇದು ಮುಳ್ಳಿನಂತೆ ಚುಚ್ಚಬಹುದು. ಕಿಲುಬು ಲೋಹದಿಂದ ಸಾರಿಗೆ ದಾಟಿದ ಹಾಗೆ ಸವಳು ಹೊಲದಿಂದ ಲೋಹಕ್ಕೆ ದಾಟಬಹುದು ಅನ್ನುವುದು ನನ್ನ ವಾದ.

ಜೊತೆಗೆ ಇನ್ನೊಂದು ಸಣ್ಣ ವಿಚಾರ. ಕಬ್ಬಿಣದ ಬೋಲ್ಟು ಅಲ್ಯುಮಿನಿಯಂ ಇಂಜಿನ್ನಿನಲ್ಲಿ ಕೂತು ಅಲ್ಲಾಡದಂತಾದರೆ ಇಲ್ಲಿ 'ಜಾಮ್ ಆಗ್ಯದ' ಅನ್ನುವವರೂ ಇದ್ದಾರೆ, 'ಹಿಡಕೊಂಡದ' ಅನ್ನುವವರೂ ಇದ್ದಾರೆ. ಸೊಂಟ ಹಿಡಕೊಂಡದ ಅನ್ನುವ ಹಾಗೇ. ನಾನು ಎರಡನೆಯದನ್ನೇ ಬರೆಯುತ್ತಿದ್ದೇನೆ, ಯಾಕೆಂದರೆ ಅದರ ಉಪಾಯವೂ ಅದೇ ಮಾತಿನಲ್ಲಿ ಬರುತ್ತದೆ: ಸುತ್ತಲಿನ ಅಲ್ಯುಮಿನಿಯಂ ಕಾಯಿಸಿದರೆ ಅದು ಕಬ್ಬಿಣದ ಎರಡು ಪಟ್ಟಿನಷ್ಟು ಹಿಗ್ಗುತ್ತದೆ, ಹಿಡಿದದ್ದು ಬಿಡುತ್ತದೆ. ನಿಮ್ಮಲ್ಲಿ ಬೇರೆ ಮಾತು ಇದ್ದರೆ ತಿಳಿಸಿ.

ಕೇಳಬೇಕಾದವರನ್ನು ಹೆಸರಿಟ್ಟೇ ಕೇಳುತ್ತೇನೆ. ಬೀದರಿನ ಬಿದರಿ ಕೆಲಸದವರ ಮನೆಯ ಮಾತು ಗೊತ್ತಿರುವವರು, ಹಸಿ ಎರಕದ ಮೇಲಿನ ಬಿಳಿಗೆ ಅಲ್ಲಿ ಏನನ್ನುತ್ತಾರೆ ಅಂತ ದಯವಿಟ್ಟು ವಿಚಾರಿಸಿ ಬರೆಯಿರಿ. ಕಲಾಯಿ, ಕಂಚುಗಾರ ಕೆಲಸದ ಮನೆತನದವರು ಸತುವಿನ ಮೇಲಿನದಕ್ಕೂ ಕಿಲುಬು ಅನ್ನುತ್ತಾರೋ ಇಲ್ಲವೋ ತಿಳಿಸಿ. ಕರಾವಳಿಯವರ ಹತ್ತಿರ ಉಪ್ಪು ಗಾಳಿಗೆ ದೋಣಿಯ ಅಲ್ಯುಮಿನಿಯಂ ಕೆಟ್ಟಾಗ ಆಡುವ ಪದ ಇರಲೇಬೇಕು, ಅದೂ ಬೇಕು. ಸುರಪುರ, ಶಹಾಪುರದವರು 'ಲೋಹಕ್ಕೆ ಸವಳು' ಅನ್ನುವುದು ಕಿವಿಗೆ ಒಪ್ಪುತ್ತದೋ, ತೊಡರುತ್ತದೋ ಹೇಳಿ. ಪದದ ಜೊತೆ ಅದು ಬರುವ ಒಂದು ಇಡೀ ವಾಕ್ಯ, ನಿಮ್ಮ ಊರಿನ ಉಚ್ಚಾರದಲ್ಲೇ ಇದ್ದರೆ, ಕ್ರಿಯಾಪದ ಯಾವುದು ಅನ್ನುವುದೂ ಗೊತ್ತಾಗುತ್ತದೆ.