ಒಳ್ಳೆಮೆಣಸಿನ ದಾರಿ ಮೊದಲಾ, ಸಾಮ್ರಾಜ್ಯ ಮೊದಲಾ?

ಪೆರ್ಲ_ತೋಟ:
ಎಲ್ಲರಿಗೂ ನಮಸ್ಕಾರ. ಮೊನ್ನೆ ಅಂಗಳದಲ್ಲಿ ಟಾರ್ಪಾಲ್ ಹಾಸಿ ಒಳ್ಳೆಮೆಣಸು (ಕಾಳುಮೆಣಸು) ಒಣಗ್ಲಿಕ್ಕೆ ಹರಡ್ತಾ ಇದ್ದೆ, ಮಗಳು ಬಂದು ಹತ್ರ ಕೂತ್ಲು, ಒಂಬತ್ತನೇ ಕ್ಲಾಸು, ಕನ್ನಡ ಮೀಡಿಯಂ. ಅಮ್ಮಾ, ಇದಕ್ಕೋಸ್ಕರವಾ ಪೋರ್ಚುಗೀಸರು ಅಷ್ಟು ದೂರದಿಂದ ಬಂದದ್ದು, ಹಾಗಾದ್ರೆ ರಾಜರು ದೊಡ್ಡವರಾದ ಮೇಲೆ ವ್ಯಾಪಾರ ಶುರುವಾದದ್ದಾ ಅಲ್ಲ ವ್ಯಾಪಾರ ಇತ್ತು ಅಂತ ರಾಜರು ಬಂದದ್ದಾ ಅಂತ ಕೇಳಿದ್ಲು. ನಂಗೆ ಕೂಡ್ಲೇ ಹೇಳ್ಲಿಕ್ಕೆ ಆಗ್ಲಿಲ್ಲ. ಅವಳ ಪುಸ್ತಕದಲ್ಲಿ ರೇಷ್ಮೆ ದಾರಿ ಒಂದು ಪಾಠ, ರೋಮ್ ಒಂದು ಪಾಠ, ವಿಜಯನಗರ ಇನ್ನೊಂದು, ಒಂದಕ್ಕೊಂದು ಸಂಬಂಧವೇ ಇಲ್ಲದ ಹಾಗೆ ಉಂಟು. ಇದ್ರಲ್ಲಿ ನಮ್ಮ ಕಾಸರಗೋಡಿನ ಕಡೆ ಎಲ್ಲಿ ಬರ್ತದೆ? ತಿಳಿದವರು ದಯವಿಟ್ಟು ಹೇಳಿ, ಅವಳಿಗೆ ಸರಿಯಾದ ಉತ್ತರವೇ ಕೊಡ್ಬೇಕು ಅಂತ ನಂಗೆ ಆಸೆ.

ಮಂಜೇಶ್ವರ_ಮಾಸ್ಟ್ರು:
ತಂಗೀ, ಮೂವತ್ತು ವರ್ಷ ಪಾಠ ಮಾಡಿದವನಿಗೂ ಖುಷಿಯಾಗುವ ಪ್ರಶ್ನೆ ಇದು. ನಾನು ಹೇಳುದಾದ್ರೆ ಮೊದಲು ಗಾಳಿ, ಆಮೇಲೆ ದಾರಿ, ರಾಜರು ಬಂದದ್ದು ಸುಂಕ ಎತ್ಲಿಕ್ಕೆ. ಜೂನಿನಲ್ಲಿ ನಮ್ಗೆ ಮಳೆ ತರ್ತದಲ್ಲ ನೈಋತ್ಯ ಗಾಳಿ, ಅದೇ ಗಾಳಿ ಕೆಂಪು ಸಮುದ್ರದ ಬಾಯಿಂದ ಹಡಗನ್ನು ಈಚೆ ದೂಡುದು, ಚಳಿಗಾಲದ ಈಶಾನ್ಯ ಗಾಳಿ ವಾಪಸ್ ಕೊಂಡೋಗುದು. ಗಾಳಿ ಸರಿಯಾಗಿ ಸಿಕ್ಕಿದ್ರೆ ಅಲ್ಲಿಂದ 40 ದಿನದಲ್ಲಿ ಮುಜಿರಿಸ್ ಮುಟ್ಬಹುದು ಅಂತ ರೋಮಿನ ಪ್ಲಿನಿ ಬರೆದಿದ್ದಾನೆ, ಮುಜಿರಿಸ್ ಅಂದ್ರೆ ಕೊಡುಂಗಲ್ಲೂರಿನ ಆಸುಪಾಸು. ವರ್ಷಕ್ಕೆ 5 ಕೋಟಿ ಸೆಸ್ಟರ್ಸ್ ನಾಣ್ಯ ಇಂಡಿಯಾಕ್ಕೆ ಹೋಗ್ತದೆ ಅಂತ ಹೊಟ್ಟೆ ಉರ್ಕೊಂಡವನೂ ಅವನೇ. ಈಜಿಪ್ಟಿನ ಬೆರೆನಿಕೆ ಅಂತ ಒಂದು ಹಳೇ ಬಂದರು ಉಂಟು, ಅಲ್ಲಿಯ ದೇವಸ್ಥಾನದಲ್ಲಿ ಅಗೆದವರಿಗೆ ಇಂಡಿಯಾದ ಒಂದು ಭರಣಿ ಸಿಕ್ಕಿತು, ಒಳಗೆ ಏಳೂವರೆ ಕಿಲೋ ಒಳ್ಳೆಮೆಣಸು. ನೀವು ಈಗ ಅಂಗಳದಲ್ಲಿ ಹರಡಿದ್ದೀರಲ್ಲ, ಅದೇ ಜಾತಿ. ಆ ಕಾಲದಲ್ಲಿ ರೋಮಿನವರು ನಮ್ಮ ಕಡೆಯ ಮಾಲಿನ ಮೇಲೆ ಹಾಕ್ತಿದ್ದ ಸುಂಕ 25%. ನಾಲ್ಕರಲ್ಲಿ ಒಂದು ಪಾಲು ಸೀದಾ ಸರಕಾರಕ್ಕೆ! ಅಂಥ ಆದಾಯ ಇದ್ರೆ ಯಾವ ಸಾಮ್ರಾಜ್ಯ ಸುಮ್ಮನೆ ಕೂರ್ತದೆ ಹೇಳಿ. ಕ್ರಿ.ಶ. 408ರಲ್ಲಿ ಗೋಥ್ ಜನರ ನಾಯಕ ಅಲಾರಿಕ್ ರೋಮಿಗೆ ಮುತ್ತಿಗೆ ಹಾಕಿ ಬಿಟ್ಟುಹೋಗ್ಲಿಕ್ಕೆ ಚಿನ್ನ ಬೆಳ್ಳಿ ಜೊತೆಗೆ 3000 ಪೌಂಡ್ ಮೆಣಸೂ ಕೇಳಿದ. ಮಗಳಿಗೆ ಇದು ಖಂಡಿತ ಹೇಳಿ.

ಬೇಕಲ_ಬದಿ:
ಮಾಸ್ಟ್ರೆ, ಗಾಳಿಯ ವಿಷಯ ಒಪ್ಪಿದೆ, ಆದ್ರೆ ರಾಜರು ಬರೀ ಸುಂಕದವರು ಅಂತ ಹೇಳಿದ್ರೆ ನಂಗೆ ಒಪ್ಲಿಕ್ಕೆ ಆಗುದಿಲ್ಲ. ಕ್ರಿ.ಪೂ. 30ರಲ್ಲಿ ರೋಮ್ ಈಜಿಪ್ಟನ್ನು ಹಿಡೀತು, ಅದಕ್ಕೆ ಮೊದಲು ಇಂಡಿಯಾಕ್ಕೆ ಬರುವ ಧೈರ್ಯ ಮಾಡ್ತಿದ್ದ ಹಡಗು ಬೆರಳೆಣಿಕೆ, ಹಿಡಿದ ಮೇಲೆ ಒಂದೇ ಬಂದರಿನಿಂದ ವರ್ಷಕ್ಕೆ 120 ಹಡಗು ಹೊರಡ್ತಿತ್ತು ಅಂತ ಆ ಕಾಲದ ಗ್ರೀಕ್ ಭೂಗೋಳ ಬರಹಗಾರ ಸ್ಟ್ರಾಬೋ ಬರೀತಾನೆ. ಗಾಳಿ ಹೊಸತಾ? ಗಾಳಿ ಮೊದಲೂ ಅದೇ ಇತ್ತಲ್ಲ. ರೇಷ್ಮೆ ದಾರಿ ನೋಡಿ, ಮಂಗೋಲರು ಚೀನಾದಿಂದ ಕಪ್ಪು ಸಮುದ್ರದ ತನಕ ಹಿಡಿದ ಮೇಲೆ ವ್ಯಾಪಾರಿಗಳು ಆ ಉದ್ದಕ್ಕೆ ಓಡಾಡಿದ್ರು, ಆಮೇಲೆ ಪ್ಲೇಗೂ ಅದೇ ಕಪ್ಪು ಸಮುದ್ರದ ಬಂದರುಗಳಿಂದ ಹಡಗು ಹತ್ತಿ 1347ಕ್ಕೆ ಯುರೋಪಿಗೆ ಇಳೀತು.

ಇನ್ನು ನಮ್ಮ ಸಮುದ್ರ. ಪೋರ್ಚುಗೀಸರು ಬರುವ ಮೊದಲು ಇಲ್ಲಿ ಸಮುದ್ರಕ್ಕೆ ಯಜಮಾನ ಅಂತ ಯಾರೂ ಇರ್ಲಿಲ್ಲ, ಅರಬರು ಗುಜರಾತಿನವರು ಎಲ್ಲ ಬರ್ತಿದ್ರು, ಯಾವ ಬಂದರಿಗೆ ಹೋಗ್ತಾರೋ ಅಲ್ಲಿ ಸುಂಕ ಕಟ್ಟಿ ಹೋಗ್ತಿದ್ರು. ಇವ್ರು ಬಂದು ಕಾರ್ತಾಜ್ ಅಂತ ಒಂದು ಪಾಸ್ ಮಾಡಿದ್ರು, ಅದು ಇಲ್ಲದ ಹಡಗನ್ನು ಹಿಡಿದು ಮಾಲು ಸಮೇತ ಜಪ್ತಿ. 1510ಕ್ಕೆ ಗೋವಾ, 1511ಕ್ಕೆ ಮಲಾಕಾ, 1515ಕ್ಕೆ ಹೊರ್ಮುಜ್, ಆಯಕಟ್ಟಿನ ಜಾಗ ಒಂದೊಂದೇ ಹಿಡಿದ್ರು. ಹೊರ್ಮುಜಿನಿಂದ ಬರುದು ಕುದುರೆ, ಕುದುರೆ ಇಲ್ಲದೆ ವಿಜಯನಗರದ ಸೈನ್ಯ ಇಲ್ಲ, ಅಂದ್ಮೇಲೆ ಹಂಪಿಯಲ್ಲಿ ಕೂತ ರಾಜನೂ ಆ ಬಂದರಿನವರ ಮುಖ ನೋಡ್ಬೇಕಾಯ್ತು. ಉಳ್ಳಾಲದ ಅಬ್ಬಕ್ಕ ಯಾಕೆ ಅವರ ಹತ್ರ ಹೋರಾಡಿದ್ಲು ಅಂತ ಮಗಳಿಗೆ ಈಗ ಗೊತ್ತಾಗ್ತದೆ. ನಮ್ಮ ಬೇಕಲ ಕೋಟೆಯೂ ಹಾಗೇ, 1650ರ ಹೊತ್ತಿಗೆ ಕೆಳದಿಯ ಶಿವಪ್ಪ ನಾಯಕ ಕಟ್ಟಿಸಿದ್ದು, ಮೇಲೆ ನಿಂತು ನೋಡಿದ್ರೆ ಎಷ್ಟು ದೂರದ ಹಡಗು ಕಾಣ್ತದೆ ಅಂತ ಅವಳನ್ನು ಕರ್ಕೊಂಡು ಬಂದು ತೋರ್ಸಿ.

ತಳಂಗರೆ_ಕಡವು:
ಅಸ್ಸಲಾಮು ಅಲೈಕುಂ, ನಮಸ್ಕಾರ. ನಮ್ಮ ಮನೆಮಾತು ಮಲಯಾಳ, ಕಲಿತದ್ದು ಕನ್ನಡದಲ್ಲಿ, ತಪ್ಪಿದ್ರೆ ತಿದ್ದಿ. ಅಣ್ಣ ಮತ್ತು ಮಾಸ್ಟ್ರು ಇಬ್ರೂ ರೋಮ್, ಹಂಪಿ ಅಂತ ದೊಡ್ಡದ್ದೇ ಹೇಳಿದ್ರಿ. ನಂಗೆ ಮನಸ್ಸಿಗೆ ಹತ್ತುದು ಕಾಯುವ ವಿಷಯ. ಗಾಳಿ ತಿರುಗುವ ತನಕ ಅರಬ್ ವ್ಯಾಪಾರಿ ತಿಂಗಳುಗಟ್ಟಲೆ ಇಲ್ಲೇ ಕೂರ್ಬೇಕು, ಕೂತಲ್ಲಿ ಮನೆ ಆಯ್ತು, ಮದುವೆ ಆಯ್ತು, ಪಳ್ಳಿ (ಮಸೀದಿ) ಆಯ್ತು. ನಮ್ಮ ಮಾಲಿಕ್ ದೀನಾರ್ ಪಳ್ಳಿಯ ಎದುರು ನಿಂತಾಗ ನಂಗೆ ಯಾವ ಚಕ್ರವರ್ತಿಯೂ ನೆನಪಾಗುದಿಲ್ಲ, ಗಾಳಿಗೆ ಕಾದವರೇ ನೆನಪಾಗುದು.

1514ರ ಹೊತ್ತಿಗೆ ಪೋರ್ಚುಗೀಸ್ ಬಾರ್ಬೋಸ ಕುಂಬಳೆಗೆ ಬಂದಿದ್ದ. ಕುಂಬಳೆಯಿಂದ ಅಕ್ಕಿ ಮಾಲ್ಡೀವ್ಸಿಗೆ ಹೋಗ್ತದೆ, ಅಲ್ಲಿಂದ ತೆಂಗಿನ ನಾರು ಬರ್ತದೆ ಅಂತ ಬರೆದಿಟ್ಟಿದ್ದಾನೆ. ನಾರು ಯಾಕೆ ಅಂದ್ರೆ, ಆಗಿನ ಅರಬ್ ಹಡಗಿಗೆ ಮೊಳೆ ಹೊಡೀತಿರ್ಲಿಲ್ಲ, ಹಲಗೆಗೆ ತೂತು ಕೊರೆದು ನಾರಿನ ಹಗ್ಗದಲ್ಲಿ ಹೊಲೀತಿದ್ರು. 14ನೇ ಶತಮಾನದಲ್ಲಿ ಮಾಲ್ಡೀವ್ಸಿನಲ್ಲಿ ಕಾಜಿ, ಅಂದ್ರೆ ನ್ಯಾಯಾಧೀಶ ಆಗಿದ್ದ ಪ್ರವಾಸಿ ಇಬ್ನ್ ಬತೂತ ಆ ನಾರು ಇಂಡಿಯಾ, ಚೀನಾ, ಯೆಮೆನ್ ತನಕ ಹೋಗ್ತಿತ್ತು ಅಂತಾನೆ. ಅಂದ್ರೆ ಕುಂಬಳೆ ಗದ್ದೆಯ ಅಕ್ಕಿ ತಿಂದವರು ಹೊಸೆದ ಹಗ್ಗದಲ್ಲಿ ಹಡಗು ಕಟ್ಟಿಯೇ ಲೋಕದ ವ್ಯಾಪಾರ ನಡೆದದ್ದು, ನಂಗೆ ಇದು ಓದಿದ ದಿನ ನಿದ್ರೆ ಬರ್ಲಿಲ್ಲ.

ಅಡಿಕೆ ತೋಟದ ಅಕ್ಕನಿಗೆ ಇನ್ನೊಂದು. 12ನೇ ಶತಮಾನದಲ್ಲಿ ಬೆನ್ ಯಿಜು ಅಂತ ಟುನೀಶಿಯಾ ಕಡೆಯ ಯಹೂದಿ ವ್ಯಾಪಾರಿ 1132ರಿಂದ ಸುಮಾರು ಹದಿನೇಳು ವರ್ಷ ಮಂಗಳೂರಿನಲ್ಲಿದ್ದ, ಹಿತ್ತಾಳೆ ಕಂಚಿನ ಕಾರ್ಖಾನೆ ಇಟ್ಟಿದ್ದ, ಇಲ್ಲಿಯ ಅಶು ಎಂಬವಳನ್ನು ಮದುವೆ ಆಗಿದ್ದ. ಯೆಮೆನಿನ ಬಂದರು ಏಡನ್‌ನವರು ಒಡೆದ ಪಾತ್ರೆ ಕಳಿಸುದು, ಇವ್ನು ಹೊಸತು ಮಾಡಿ ಕಳಿಸುದು, ಜೊತೆಗೆ ಮೆಣಸು, ಕಬ್ಬಿಣ, ಅಡಿಕೆ. ಅವನ ವ್ಯಾಪಾರ ನೋಡ್ಕೊಳ್ತಿದ್ದ ಆಳು ಬೊಮ್ಮ, ನಮ್ಮ ತುಳುನಾಡಿನವನೇ, ಮಾಲು ತೆಕ್ಕೊಂಡು ಏಡನ್ ತನಕ ಹೋಗಿ ಬಂದಿದ್ದಾನೆ. ಆ ಪತ್ರಗಳು ಸಿಕ್ಕಿದ್ದು ಕೈರೋದ ಒಂದು ಹಳೇ ಯಹೂದಿ ಮಂದಿರದ ಕೋಣೆಯಲ್ಲಿ.

ಮಂಜೇಶ್ವರ_ಮಾಸ್ಟ್ರು:
ಬೇಕಲದವ್ರ ಮಾತು ಒಪ್ಪಿದೆ, ಗಾಳಿ ಇದ್ರೂ ಬಂದರಿಗೆ ಕಾವಲು ಬೇಕು. ತಳಂಗರೆ ತಮ್ಮಾ, ಬೊಮ್ಮನನ್ನು ನೆನಪು ಮಾಡಿದ್ದಕ್ಕೆ ನಿಂಗೆ ಕೈ ಮುಗೀತೇನೆ.

ತಂಗೀ, ನೀವು ಮೊದಲ ಸಾಲಲ್ಲೇ ಒಳ್ಳೆಮೆಣಸು ಅಂತ ಬರೆದ್ರಲ್ಲ, ಉತ್ತರ ಅಲ್ಲೇ ಉಂಟು. ಮೊದಲು ಮೆಣಸು ಅಂದ್ರೆ ಇದೊಂದೇ. ಅಮೆರಿಕದ ಖಾರದ ಕಾಯಿಯನ್ನು ಪೋರ್ಚುಗೀಸರು ತಂದ ಮೇಲೆ ಮೆಣಸು ಎಂಬ ಹೆಸರು ಅದಕ್ಕೂ ಹೋಯ್ತು, ಹಳಬನನ್ನು ಗುರುತಿಸ್ಲಿಕ್ಕೆ ನಾವು 'ಒಳ್ಳೆ' ಸೇರಿಸಿದೆವು. ತುಳುವಿನಲ್ಲಿ ಎಡ್ಡೆಮುಂಚಿ, ಮಲಯಾಳದಲ್ಲಿ ನಲ್ಲಮುಳಕ್, ಮೂರು ಭಾಷೆಯವರೂ ಒಂದೇ ಮಾತು ಹೇಳಿದ್ರು.

ತಳಂಗರೆ_ಕಡವು:
ಹೌದು ಮಾಸ್ಟ್ರೆ, ಕೆಂಪು ಮೆಣಸಿಗೆ ಮಲಯಾಳದಲ್ಲಿ ಕಪ್ಪಲ್‌ಮುಳಕ್ ಅಂತಲೂ ಹೆಸರುಂಟು, ಹಡಗಿನ ಮೆಣಸು!

ಪೆರ್ಲ_ತೋಟ:
ಎಲ್ಲರಿಗೂ ತುಂಬಾ ಉಪಕಾರ. ಎಲ್ಲಾ ಮಗಳಿಗೆ ಓದಿ ಹೇಳಿದೆ, ಬೊಮ್ಮನ ಕಥೆ ಎರಡು ಸಲ ಓದಿಸಿದ್ಲು. ಈಗ ಅಡುಗೆ ಕೋಣೆಯಲ್ಲಿ ಅಜ್ಜಿಯ ಹತ್ರ ಕೂತು ಹಡಗಲ್ಲಿ ಬಂದದ್ದು ಯಾವುದೆಲ್ಲ ಅಂತ ಪಟ್ಟಿ ಮಾಡ್ತಾ ಇದ್ದಾಳೆ, ಬಟಾಟೆ, ಟೊಮೆಟೊ, ಅನಾನಸು, ಅಲ್ಲಿವರೆಗೆ ಅತ್ತೆ ಒಪ್ಪಿದ್ರು, ಗೇರುಬೀಜ ಅಂದಾಗ ಮಾತ್ರ ಒಪ್ಪುದೇ ಇಲ್ಲ, ಅದು ನಮ್ಮ ಗುಡ್ಡೆಯದ್ದೇ, ನನ್ನ ಅಜ್ಜಿ ಕಾಲದಿಂದ ಉಂಟು ಅಂತ. ಮಾಸ್ಟ್ರೆ, ಗೇರು ಬ್ರೆಜಿಲಿನಿಂದ ಬಂದದ್ದು ಅಂತ ನೀವೇ ಒಂದು ನಾಲ್ಕು ಸಾಲು ಬರೀರಿ, ರಾತ್ರಿ ಊಟ ಆದ ಮೇಲೆ ಅವ್ರಿಗೂ ಓದಿ ಹೇಳ್ತೇನೆ.