ಮಾತ್ರೆ ಮುರಿದು ಮಗುವಿಗೆ ಕೊಟ್ಟರೆ ಸಾಕಾ?

ಪ್ರಶ್ನೆ: ಮೇಡಂ, ಮಕ್ಕಳ ಆರೋಗ್ಯ ಶಿಬಿರಗಳಲ್ಲಿ ಸ್ವಯಂಸೇವಕನಾಗಿ ಕೆಲಸ ಮಾಡ್ತೀನಿ. ವಿಶ್ವ ಆರೋಗ್ಯ ಸಂಸ್ಥೆಯ ಅಗತ್ಯ ಔಷಧಿಗಳ ಪಟ್ಟಿ ಹೇಗೂ ಇದೆ. ಮಕ್ಕಳಿಗೆ ಬೇರೆ ಪಟ್ಟಿ ಯಾಕೆ? ದೊಡ್ಡವರ ಮಾತ್ರೆಯನ್ನೇ ಮುರಿದು ಕೊಟ್ಟರೆ ಆಗಲ್ವಾ?

ಉತ್ತರ: ಫಾರ್ಮಸಿಸ್ಟ್ ಆಗಿ ನನ್ನನ್ನು ತುಂಬ ಕಾಡುವ ವಿಷಯವನ್ನೇ ಕೇಳಿದ್ದೀರಿ. ಒಂದು ಮಾತ್ರೆಯನ್ನು ಚಾಕುವಿನಿಂದ ನಾಲ್ಕು ಮಾಡಿ ನೋಡಿ. ಒಂದು ಚೂರು ದಪ್ಪ, ಇನ್ನೊಂದು ಸಣ್ಣ, ಒಂದಿಷ್ಟು ಪುಡಿಯಾಗಿ ಉದುರಿರುತ್ತದೆ. ನಮಗೆ ಅದು ಲೆಕ್ಕಕ್ಕಿಲ್ಲ. ಆರು ಕೆಜಿ ತೂಗುವ ಕೂಸಿಗೆ ಅಷ್ಟೇ ವ್ಯತ್ಯಾಸ ಜಾಸ್ತಿ. ಡೋಸ್ ಕಡಿಮೆಯಾದರೆ ಕಾಯಿಲೆ ಬಗ್ಗಲ್ಲ, ಹೆಚ್ಚಾದರೆ ಅಪಾಯ. ಎಳೆ ಕೂಸಿನ ಲಿವರ್, ಕಿಡ್ನಿ ಬೇರೆ ಇನ್ನೂ ಪೂರ್ತಿ ಬಲಿತಿರುವುದಿಲ್ಲ. ಅದಕ್ಕೇ ಮಕ್ಕಳಿಗೆ ಬೇರೆ ಪಟ್ಟಿ ಬೇಕು. ಸಂಸ್ಥೆಯ ಮೊದಲ ಪಟ್ಟಿ ಬಂದಿದ್ದು 1977ರಲ್ಲಿ. ಹನ್ನೆರಡು ವರ್ಷದವರೆಗಿನ ಮಕ್ಕಳಿಗೆ ಅಂತ ಪಟ್ಟಿ ಬಂದಿದ್ದು 2007ರಲ್ಲಿ. ಮೂವತ್ತು ವರ್ಷ ಕಾಯಬೇಕಾಯಿತು, ನೋಡಿ.

ಪ್ರಶ್ನೆ: ಸಿರಪ್ ಇದೆಯಲ್ಲ ಮೇಡಂ?

ಉತ್ತರ: ಇದೆ. ಆದರೆ ಬಾಟಲಿ ಭಾರ, ದೂರ ಸಾಗಿಸೋದು ಕಷ್ಟ. ಅಮಾಕ್ಸಿಸಿಲಿನ್ ಅನ್ನೋ ಆ್ಯಂಟಿಬಯಾಟಿಕ್ ಪುಡಿಗೆ ಒಮ್ಮೆ ನೀರು ಬೆರೆಸಿದರೆ ಒಂದೆರಡು ವಾರದಲ್ಲಿ ಮುಗಿಸಲೇಬೇಕು. ಎಚ್‌ಐವಿ ಇರುವ ಮಕ್ಕಳಿಗೆ ವರ್ಷಗಟ್ಟಲೆ ಕೊಡುತ್ತಿದ್ದ ಲೋಪಿನಾವಿರ್ ಸಿರಪ್‌ನಲ್ಲಂತೂ ಶೇ. 40ರಷ್ಟು ಆಲ್ಕೋಹಾಲ್ ಇತ್ತು, ಕಹಿ ಬೇರೆ. ಮಗು ಉಗುಳದೆ ಇನ್ನೇನು ಮಾಡುತ್ತದೆ?

ಅದಕ್ಕೇ ನನಗೆ ನೀರಲ್ಲಿ ಕರಗುವ ಮಾತ್ರೆಗಳ ಮೇಲೆ ಅಷ್ಟು ನಂಬಿಕೆ. ಚಮಚದಲ್ಲಿ ಸ್ವಲ್ಪ ನೀರು ಅಥವಾ ತಾಯಿಯ ಹಾಲು ಹಾಕಿ ಮಾತ್ರೆ ಇಟ್ಟರೆ ಕಣ್ಣೆದುರೇ ಅರಳಿ ಕರಗುತ್ತದೆ. ನ್ಯುಮೋನಿಯಾಕ್ಕೆ ಅಮಾಕ್ಸಿಸಿಲಿನ್ 250 ಮಿಗ್ರಾಂ ಹೀಗೇ ಸಿಗುತ್ತದೆ. 2020ರಲ್ಲಿ ಎಚ್‌ಐವಿಗೆ ಡೊಲುಟೆಗ್ರಾವಿರ್ ಕೂಡ ಈ ರೂಪದಲ್ಲಿ ಬಂತು, ಸ್ಟ್ರಾಬೆರಿ ರುಚಿಯಲ್ಲಿ. ಆ ಕಹಿ ಸಿರಪ್ ಕುಡಿಸಲು ದಿನಾ ಒದ್ದಾಡುತ್ತಿದ್ದ ತಾಯಂದಿರಿಗೆ ಇದು ಎಂಥ ನೆಮ್ಮದಿ!

ಪ್ರಶ್ನೆ: ಹಾಗಾದರೆ ಔಷಧಿ ಬಂದಾಯ್ತು, ಕೆಲಸ ಮುಗೀತಲ್ವಾ?

ಉತ್ತರ: ಇಲ್ಲಪ್ಪ. ಭೇದಿಗೆ ಓಆರ್‌ಎಸ್ ಮತ್ತು ಜಿಂಕ್ ತುಂಬ ಅಗ್ಗ, ದಶಕಗಳಿಂದ ಗೊತ್ತಿರುವ ಮದ್ದು. ಆದರೂ ಎಷ್ಟೋ ಮಕ್ಕಳ ಕೈಗೆ ಎರಡೂ ಒಟ್ಟಿಗೆ ಸಿಗುವುದಿಲ್ಲ. ಓಆರ್‌ಎಸ್ ಇದ್ದಲ್ಲಿ ಜಿಂಕ್ ಇರಲ್ಲ. ಇದ್ದರೂ ಭೇದಿ ನಿಂತ ಕೂಡಲೇ ಜಿಂಕ್ ನಿಲ್ಲಿಸುತ್ತಾರೆ, 10ರಿಂದ 14 ದಿನ ಕೊಡಬೇಕು.

ಮುಂದಿನ ಶಿಬಿರಕ್ಕೆ ಹೋದಾಗ ಕಪಾಟು ತೆರೆದು ನೋಡಿ. ಜಿಂಕ್ ಇದೆಯಾ, ಅಮಾಕ್ಸಿಸಿಲಿನ್ ಕರಗುವ ಮಾತ್ರೆಯಾ ಅಥವಾ ದೊಡ್ಡವರ ಕ್ಯಾಪ್ಸೂಲಾ, ಎಕ್ಸ್‌ಪೈರಿ ಯಾವಾಗ, ಇಷ್ಟನ್ನು ಬರೆದುಕೊಂಡು ಬನ್ನಿ. ಆರ್ಡರ್ ಹಾಕುವವರಿಗೆ ಹೇಗೆ ಕೇಳಬೇಕು ಅಂತ ನಾನು ಹೇಳಿಕೊಡ್ತೀನಿ.