ಸಹಾಯ ಬೇಕು: ದ್ರಾಕ್ಷಿ ವಿನೆಗರ್‌ಗೆ ಹಣ್ಣಿನ ನೊಣಗಳ ಕಾಟ

ಚಿಕ್ಕಬಳ್ಳಾಪುರದ ಹತ್ತಿರ ನಮ್ಮದು ಬೆಂಗಳೂರು ನೀಲಿ ದ್ರಾಕ್ಷಿ ತೋಟ. ಮಾರುಕಟ್ಟೆಗೆ ಹೋಗದೆ ಉಳಿದ ಹಣ್ಣಿನಿಂದ ಮನೆಬಳಕೆಗೆ ವಿನೆಗರ್ ಮಾಡುತ್ತೇವೆ.

ಮೊದಲ ಹಂತಕ್ಕೆ ತೊಂದರೆಯಿಲ್ಲ. ಯೀಸ್ಟ್ ಹಣ್ಣಿನ ಸಕ್ಕರೆಯನ್ನು ಆಲ್ಕೋಹಾಲ್ ಮಾಡುವಾಗ ಭರಣಿಯ ಬಾಯಿ ಬಿಗಿದು, ಮುಚ್ಚಳದಿಂದ ಬಂದ ಕೊಳವೆಯ ತುದಿಯನ್ನು ನೀರಿನಲ್ಲಿ ಮುಳುಗಿಸುತ್ತೇವೆ. ಅನಿಲ ಹೊರಗೆ ಹೋಗುತ್ತದೆ, ನೊಣ ಒಳಗೆ ಬರುವುದಿಲ್ಲ. ತೊಡಕಿರುವುದು ಎರಡನೆಯ ಹಂತದಲ್ಲಿ. ಆಲ್ಕೋಹಾಲನ್ನು ಹುಳಿಯಾಗಿಸುವ ಅಸಿಟಿಕ್ ಬ್ಯಾಕ್ಟೀರಿಯಾಗಳಿಗೆ ಗಾಳಿ ಬೇಕೇ ಬೇಕು, ಬಾಯಿ ಮುಚ್ಚುವಂತಿಲ್ಲ. ಆ ವಾಸನೆಗೇ ಸುಮಾರು 3 ಮಿಲಿಮೀಟರಿನ ಹಣ್ಣಿನ ನೊಣಗಳು ಮುತ್ತಿಕೊಳ್ಳುತ್ತವೆ. ತೆಳುಬಟ್ಟೆ ಕಟ್ಟಿದರೂ ಅಂಚಿನ ಸುಕ್ಕಿನಲ್ಲಿ ನುಸುಳಿ ಮೊಟ್ಟೆಯಿಡುತ್ತವೆ, ಆಮೇಲೆ ಮರಿಹುಳು. ಭರಣಿಗಟ್ಟಲೆ ಚೆಲ್ಲುವಾಗ ಹೊಟ್ಟೆ ಉರಿಯುತ್ತದೆ. ಬೆವರು ಸುರಿಸಿ ಬೆಳೆದ ಹಣ್ಣದು.

ಒತ್ತಾದ ನೇಯ್ಗೆಯ ಪಂಚೆಯನ್ನು ಎರಡು ಪದರ ಮಾಡಿ ರಬ್ಬರ್ ಪಟ್ಟಿಯಿಂದ ಬಿಗಿದರೆ ಗಾಳಿ ಸಾಲುತ್ತದೆಯೇ? ಕಾಫಿ ಸೋಸುವ ಕಾಗದ ಕಟ್ಟಿ ನೋಡಿದವರಿದ್ದೀರಾ? ವಿನೆಗರ್‌ಗೆ ಒಂದು ಹನಿ ಪಾತ್ರೆ ತೊಳೆಯುವ ಸೋಪು ಬೆರೆಸಿಟ್ಟ ಬಟ್ಟಲಿಗೆ ನೊಣಗಳು ಬೀಳುತ್ತಿವೆ ನಿಜ, ಆದರೆ ಅದನ್ನು ಭರಣಿಯಿಂದ ಎಷ್ಟು ದೂರ ಇಡಬೇಕು?

ಇನ್ನೊಂದು ವಿಷಯ: ಒಂದು ಭರಣಿಯ ಮೇಲೆ ಸುಕ್ಕುಸುಕ್ಕಾದ ಬಿಳಿ ಪೊರೆ ಕಟ್ಟಿದೆ. ಬೂಷ್ಟಿನಂತೆ ನವಿರುಗೂದಲಿಲ್ಲ, ಬಣ್ಣವೂ ತಿರುಗಿಲ್ಲ. ತೆಗೆದುಹಾಕಿ ಮುಂದುವರಿಸಬಹುದೇ? ಮಾಡಿ ಅನುಭವವಿದ್ದವರು ದಯವಿಟ್ಟು ತಿಳಿಸಿ. ಕೀಟನಾಶಕದ ಸಲಹೆ ಮಾತ್ರ ಬೇಡ, ಇದು ಮನೆಮಂದಿ ಉಣ್ಣುವ ಪದಾರ್ಥ.